ಕಿಂಗ್ ಅವರ ಒಂದು ಸಾಲು: 1985ರ ‘ಲೆ ಮಿಸೆರಾಬ್ಲ್’ ರಂಗರೂಪದ ವಿಮರ್ಶೆಯನ್ನು ಓದುವ ಬಗೆ

‘ವಿಕ್ಟೋರಿಯಾ ಯುಗದ ಅದ್ದೂರಿಯೊಂದಿಗೆ ರಂಗಕ್ಕೆ ತಂದ, ವಿಕ್ಟೋರಿಯಾ ಯುಗದ ಕಣ್ಣಿಗೆ ರಾಚುವ ಮೆಲೋಡ್ರಾಮಾ.’ 1985ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಸಂಡೇ ಟೆಲಿಗ್ರಾಫ್’ ಪತ್ರಿಕೆಯ ರಂಗವಿಮರ್ಶಕ ಫ್ರಾನ್ಸಿಸ್ ಕಿಂಗ್ ಬರೆದ ಸಾಲಿನ ಅರ್ಥ ಹೆಚ್ಚುಕಡಿಮೆ ಇಷ್ಟು. ವಿಕ್ಟರ್ ಹ್ಯೂಗೋನ ‘ಲೆ ಮಿಸೆರಾಬ್ಲ್’ ಕಾದಂಬರಿಯನ್ನು ಆಧರಿಸಿದ ಸಂಗೀತ ನಾಟಕ ಅದೇ ತಿಂಗಳ 8ರಂದು ಬಾರ್ಬಿಕನ್ ರಂಗಮಂದಿರದಲ್ಲಿ ತೆರೆ ಕಂಡಿತ್ತು. ಕಿಂಗ್ ಅವರ ವಿಮರ್ಶೆಯಿಂದ ಜನರ ನೆನಪಿನಲ್ಲಿ ಉಳಿದದ್ದು ಈ ಒಂದು ಸಾಲು ಮಾತ್ರ. ನಾಟಕದ ಚರಿತ್ರೆ ಬರೆದವರೆಲ್ಲ ಅದನ್ನು ಎತ್ತಿ ಆಡಿದ್ದಾರೆ. ನಾನು ಇಲ್ಲಿ ತೂಗಿ ನೋಡಲು ಹೊರಟಿರುವುದು ಅದನ್ನೇ.

ರಂಗಭೂಮಿಯವರು ಈ ಪ್ರಕರಣವನ್ನು ಹೇಳುವ ಬಗೆ ಬಹುತೇಕ ಒಂದೇ. ಮೊದಲ ಪ್ರದರ್ಶನದ ಮರುದಿನ ನಿರ್ಮಾಪಕ ಕ್ಯಾಮರೂನ್ ಮ್ಯಾಕಿಂಟಾಷ್ ಪತ್ರಿಕೆಗಳನ್ನು ಬಿಡಿಸಿ ನೋಡಿದರೆ ಎಲ್ಲೆಲ್ಲೂ ಟೀಕೆ. ಬಾರ್ಬಿಕನ್‌ನಿಂದ, ಲಂಡನ್ನಿನ ವಾಣಿಜ್ಯ ರಂಗಮಂದಿರಗಳ ಬಡಾವಣೆಯಾದ ವೆಸ್ಟ್ ಎಂಡ್‌ನ ಪ್ಯಾಲೆಸ್ ಥಿಯೇಟರಿಗೆ ನಾಟಕವನ್ನು ಒಯ್ಯಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರಿಗಿದ್ದದ್ದು ಎರಡೇ ದಿನ. ಸೋತ ಮನಸ್ಸಿನಿಂದ ಟಿಕೆಟ್ ಕಚೇರಿಗೆ ಫೋನ್ ಮಾಡಿದರೆ, ‘ನಿಮಗೆ ಲೈನ್ ಹೇಗೆ ಸಿಕ್ಕಿತು?’ ಎಂದು ಅಲ್ಲಿಯವರೇ ಕೇಳಿದರು. ಅಷ್ಟು ಹೊತ್ತಿಗೆ ಐದು ಸಾವಿರ ಟಿಕೆಟ್ ಮಾರಾಟವಾಗಿತ್ತು. ಮ್ಯಾಕಿಂಟಾಷ್ ಹಲವು ಸಲ ಹೇಳಿಕೊಂಡಿರುವ ಪ್ರಸಂಗವಿದು. ಡಿಸೆಂಬರ್ 4ರಂದು ನಾಟಕ ಪ್ಯಾಲೆಸ್ ಥಿಯೇಟರಿಗೆ ಬಂತು. 1987ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಗಳಲ್ಲಿ ಎಂಟನ್ನು ಪಡೆಯಿತು. ವೆಸ್ಟ್ ಎಂಡ್‌ನಲ್ಲಿ ಅದಕ್ಕಿಂತ ದೀರ್ಘಕಾಲ ನಡೆದ ಸಂಗೀತ ನಾಟಕ ಇನ್ನೊಂದಿಲ್ಲ. ಆದ್ದರಿಂದ, ವಿಮರ್ಶಕರು ಸೋತರು, ಜನ ಗೆದ್ದರು, ಎಂದು ಕಥೆ ಮುಗಿಯುತ್ತದೆ.

ಹೀಗೆ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಟಿಕೆಟ್ ಸಾಲು ಉದ್ದವಾಗಿತ್ತು ಎಂಬುದು ವಿಮರ್ಶೆಗೆ ಉತ್ತರವಾಗಲಾರದು. ಕಿಂಗ್ ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ಕಾದಂಬರಿಯನ್ನೂ ನಾಟಕವನ್ನೂ ಅಕ್ಕಪಕ್ಕ ಇಟ್ಟುಕೊಂಡೇ ತಿಳಿಯಬೇಕು. ಅಲ್ಲದೆ ಅವರು ಕೈಗೆ ಸಿಕ್ಕಿದ್ದನ್ನು ಗೀಚುವ ವರದಿಗಾರರಾಗಿರಲಿಲ್ಲ. ಸ್ವತಃ ಕಾದಂಬರಿಕಾರರು. ಬಾಲ್ಯವನ್ನು ಭಾರತದಲ್ಲಿ ಕಳೆದವರು, ಆ ನೆನಪಿನಿಂದ ಭಾರತವನ್ನು ನೆಲೆಯಾಗಿಸಿ ಬರೆದವರು. ಈ ವಿಮರ್ಶೆ ಪ್ರಕಟವಾದ ಮರುವರ್ಷವೇ ಲೇಖಕರ ಅಂತರರಾಷ್ಟ್ರೀಯ ಸಂಘಟನೆಯಾದ ‘ಪೆನ್’ನ ಅಧ್ಯಕ್ಷರಾದರು. ಕಾದಂಬರಿ ಎಂದರೇನು ಎಂದು ಒಳಗಿನಿಂದ ಬಲ್ಲವರೊಬ್ಬರು ಕಾದಂಬರಿಯ ರಂಗರೂಪವನ್ನು ನೋಡಿ ಕೊಟ್ಟ ತೀರ್ಪು ಇದು.

ಸಾಲಿನಲ್ಲಿ ಇರುವುದು ಮೂರು ಆರೋಪಗಳು. ಒಂದು, ಇದು ಮೆಲೋಡ್ರಾಮಾ, ಅಂದರೆ ಭಾವಾವೇಶದ ಅತಿರಂಜಿತ ನಾಟಕ. ಎರಡು, ಬಣ್ಣ ಅತಿಯಾಯಿತು. ಮೂರು, ಅದ್ದೂರಿ. ಇವುಗಳಿಗೆಲ್ಲ ‘ವಿಕ್ಟೋರಿಯಾ ಯುಗ’ ಎಂಬ ಅಂಗಿಯನ್ನು ಎರಡೆರಡು ಸಲ ತೊಡಿಸಲಾಗಿದೆ.

ಅಂಗಿಯಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಇಡೀ ಸಾಲಿನಲ್ಲಿ ನನಗೆ ತೀರ ದುರ್ಬಲವಾಗಿ ಕಂಡದ್ದು ಅದು. ಹ್ಯೂಗೋ ಫ್ರೆಂಚ್ ಲೇಖಕ. ಅವನ ಕಾದಂಬರಿ 1862ರಲ್ಲಿ ಮೊದಲು ಬ್ರಸೆಲ್ಸ್‌ನಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. 1851ರ ಡಿಸೆಂಬರ್‌ನಲ್ಲಿ ಲೂಯಿ ನೆಪೋಲಿಯನ್ ಕ್ಷಿಪ್ರಕ್ರಾಂತಿ ನಡೆಸಿದಾಗ ಅವನನ್ನು ವಿರೋಧಿಸಿ ದೇಶ ಬಿಟ್ಟ ಹ್ಯೂಗೋ ಗೆರ್ನ್‌ಸೀ ದ್ವೀಪದಲ್ಲಿ ಕುಳಿತು ಪುಸ್ತಕ ಮುಗಿಸಿದ. ಆ ದ್ವೀಪ ಬ್ರಿಟಿಷ್ ರಾಣಿಯ ಆಳ್ವಿಕೆಗೆ ಸೇರಿದ್ದು ಎಂಬುದೊಂದೇ ಈ ಪುಸ್ತಕಕ್ಕೂ ವಿಕ್ಟೋರಿಯಾಳಿಗೂ ಇರುವ ನಂಟು. ಕಥೆ ನಡೆಯುವುದು 1815ರಿಂದ 1833ರವರೆಗೆ. ಅಷ್ಟು ಹೊತ್ತಿಗೆ ವಿಕ್ಟೋರಿಯಾ ಪಟ್ಟಕ್ಕೇ ಬಂದಿರಲಿಲ್ಲ. ಆದರೂ ಕಿಂಗ್ ಅವರ ಕಣ್ಣಿಗೆ ಅದು ವಿಕ್ಟೋರಿಯನ್ ಆಗಿ ಕಂಡಿತು. ಅದಕ್ಕೆ ಕಾರಣ ಹ್ಯೂಗೋ ಅಲ್ಲ ಎಂದು ನನ್ನ ಅನುಮಾನ. ಇದೇ ನಿರ್ದೇಶಕರಾದ ಟ್ರೆವರ್ ನನ್ ಮತ್ತು ಜಾನ್ ಕೇರ್ಡ್, ಇದೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ, ಇದೇ ರಂಗವಿನ್ಯಾಸಕ ಜಾನ್ ನೇಪಿಯರ್, ಐದು ವರ್ಷಗಳ ಹಿಂದೆ ವಿಕ್ಟೋರಿಯಾ ಯುಗದ ಕಾದಂಬರಿಕಾರ ಡಿಕನ್ಸ್‌ನ ‘ನಿಕೋಲಸ್ ನಿಕಲ್‌ಬಿ’ಯನ್ನು ರಂಗಕ್ಕೆ ತಂದಿದ್ದರು. ಎಂಟೂವರೆ ಗಂಟೆಗಳ, ಎರಡು ಭಾಗಗಳ ಆ ಪ್ರಯೋಗ ಲಂಡನ್ನಿನ ರಂಗಭೂಮಿಯಲ್ಲಿ ದಂತಕಥೆಯಾಗಿತ್ತು. 1985ರಲ್ಲಿ ಬಾರ್ಬಿಕನ್‌ನಲ್ಲಿ ಕುಳಿತ ಪ್ರತಿಯೊಬ್ಬ ವಿಮರ್ಶಕನ ತಲೆಯಲ್ಲೂ ಆ ನೆನಪು ಇದ್ದೇ ಇತ್ತು. ವಿಕ್ಟೋರಿಯಾ ಯುಗ ಬಂದದ್ದು ಅಲ್ಲಿಂದ.

ಆ ಹೋಲಿಕೆಯನ್ನು ಬಿಡುವಂತಿಲ್ಲ, ಮುಂದೆ ಮತ್ತೆ ಅಲ್ಲಿಗೇ ಬರುತ್ತೇನೆ. ಈಗ ಬಣ್ಣದ ಮಾತು.

ಕಣ್ಣಿಗೆ ರಾಚುತ್ತದೆ ಎನ್ನುವಾಗ ಮೂಲ ಹೇಗಿದೆ ಎಂದು ನೋಡಬೇಕಲ್ಲವೇ? ಫಾಂಟೀನ್ ಎಂಬ ಹೆಣ್ಣು ಕೆಲಸ ಕಳೆದುಕೊಂಡು, ಬೇರೆಯವರ ಮನೆಯಲ್ಲಿ ಬಿಟ್ಟಿರುವ ಮಗಳಿಗೆ ಹಣ ಕಳಿಸಲು ಒಂದೊಂದನ್ನಾಗಿ ಎಲ್ಲವನ್ನೂ ಮಾರುತ್ತಾಳೆ. ಕಾದಂಬರಿಯಲ್ಲಿ ಮೊದಲು ಕೂದಲು ಹೋಗುತ್ತದೆ, ಹತ್ತು ಫ್ರಾಂಕಿಗೆ. ಅದರಿಂದ ಮಗಳಿಗೊಂದು ಉಣ್ಣೆಯ ಲಂಗ ಕೊಂಡು ಕಳಿಸಿದರೆ, ಹಣ ಬಾರದ ಕೋಪಕ್ಕೆ ಆ ಮನೆಯವರು ಅದನ್ನು ತಮ್ಮ ಮಗಳಿಗೆ ತೊಡಿಸುತ್ತಾರೆ. ಬಳಿಕ ಫಾಂಟೀನ್ ಮುಂದಿನ ಎರಡು ಹಲ್ಲು ಕೀಳಿಸಿಕೊಳ್ಳುತ್ತಾಳೆ, ನಲವತ್ತು ಫ್ರಾಂಕಿಗೆ. ಮೋಂಬತ್ತಿಯ ಬೆಳಕಿನಲ್ಲಿ ಅವಳು ನಗುತ್ತಾಳೆ, ತುಟಿಯ ಕೊನೆಯಲ್ಲಿ ರಕ್ತ, ಬಾಯಲ್ಲಿ ಕಪ್ಪು ಕಿಂಡಿ. ಹ್ಯೂಗೋ ನಮ್ಮನ್ನು ಅಲ್ಲಿ ನಿಲ್ಲಿಸಿ ನೋಡುವಂತೆ ಮಾಡುತ್ತಾನೆ. 1985ರ ನಾಟಕದಲ್ಲಿ ಅವಳು ಕೊರಳ ಪದಕ ಮಾರುತ್ತಾಳೆ, ಕೂದಲು ಮಾರುತ್ತಾಳೆ, ಆಮೇಲೆ ಮೈ. ಹಲ್ಲಿನ ಪ್ರಸಂಗವೇ ಇಲ್ಲ. ಅಂದರೆ ರಂಗರೂಪ ಮೂಲಕ್ಕಿಂತ ಬಣ್ಣ ಹೆಚ್ಚಿಸಿದ್ದಲ್ಲ, ತಗ್ಗಿಸಿದ್ದು. ಕಿಂಗ್ ಇಲ್ಲಿ ನಾಟಕದ ಮೇಲೆ ಹೊರಿಸಿದ ತಪ್ಪು, ಅದು ತಪ್ಪೇ ಆಗಿದ್ದರೆ, ಹ್ಯೂಗೋಗೆ ಸೇರಬೇಕಾದದ್ದು.

ಹ್ಯೂಗೋ ಆ ತಪ್ಪನ್ನು ಸಂತೋಷದಿಂದ ಹೊತ್ತುಕೊಳ್ಳುತ್ತಿದ್ದ ಎಂದೂ ಹೇಳಬೇಕು. ಅವನು ಕಾದಂಬರಿಕಾರನಾಗಿ ಪ್ರಸಿದ್ಧನಾಗುವುದರ ಜೊತೆಜೊತೆಗೇ ನಾಟಕಕಾರ. 1830ರಲ್ಲಿ ಅವನ ‘ಎರ್ನಾನಿ’ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾದಾಗ ಪ್ರೇಕ್ಷಕರು ಪರ-ವಿರೋಧ ಬಣಗಳಾಗಿ ರಂಗಮಂದಿರದೊಳಗೇ ಕಾದಾಡಿದ್ದರು. ಮೆಲೋಡ್ರಾಮಾ ಎಂಬ ಪ್ರಕಾರ ಅವನ ಬಾಲ್ಯದ ಪ್ಯಾರಿಸ್ಸಿನ ಬೀದಿಬೀದಿಯಲ್ಲಿತ್ತು. ಮಹಾಕ್ರಾಂತಿಯ ನಂತರ ಅದನ್ನು ಬೆಳೆಸಿದ ಪಿಕ್ಸೆರೆಕೂರ್ ‘ಓದಲು ಬಾರದವರಿಗಾಗಿ ನಾನು ಬರೆಯುತ್ತೇನೆ’ ಎಂದಿದ್ದನೆಂದು ಪ್ರತೀತಿ. ಹಾಡು ಎಂಬ ಅರ್ಥದ ಗ್ರೀಕ್ ಪದ, ಅದರ ಜೊತೆಗೆ ನಾಟಕ: ಮೆಲೋಡ್ರಾಮಾ ಎಂದರೆ ಮೂಲದಲ್ಲಿ ಇಷ್ಟೇ. ಹಾಡುಳ್ಳ ನಾಟಕವನ್ನು ನೋಡಿ ಮೆಲೋಡ್ರಾಮಾ ಎನ್ನುವುದು ವರ್ಣನೆಯಾಗಿ ಅಕ್ಷರಶಃ ನಿಜ. ಕಿಂಗ್ ಅದನ್ನು ಬೈಗುಳವಾಗಿ ಬಳಸಿದರು. ನಮ್ಮಲ್ಲೂ ‘ಕಂಪನಿ ನಾಟಕದ ಹಾಗಿದೆ’ ಎಂಬ ಮಾತು ಒಂದು ಕಾಲದಲ್ಲಿ ಹೀಗೆಯೇ ಬಳಕೆಯಾಯಿತು. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ರಂಗದ ಮೇಲೆ ಬರುತ್ತಿದ್ದವೆಂಬುದನ್ನು ಹೇಳಿ, ಅಷ್ಟಕ್ಕೇ ವಿಮರ್ಶೆ ಮುಗಿಯಿತೆಂದುಕೊಂಡವರಿದ್ದರು. ಆನೆ ಬಂದಾಗ ನಾಟಕಕ್ಕೆ ಏನಾಯಿತು ಎಂಬುದು ಉಳಿದ ಪ್ರಶ್ನೆ.

ಅದ್ದೂರಿಯ ಆರೋಪಕ್ಕೂ ಅದೇ ಪ್ರಶ್ನೆ ಹಾಕಬಹುದು. ನೇಪಿಯರ್ ಅವರ ರಂಗಸಜ್ಜಿಕೆಯಲ್ಲಿ ಹೆಚ್ಚಿನ ಹೊತ್ತು ಇದ್ದದ್ದು ಕತ್ತಲು, ಕಲ್ಲುಹಾಸಿನಂಥ ನೆಲ, ಒಂದೆರಡು ಮೇಜು ಕುರ್ಚಿ, ಒಂದು ಗೇಟು, ತೇಪೆ ಹಾಕಿದ ಬಟ್ಟೆ. ನೆಲದ ನಡುವೆ ತಿರುಗುವ ರಂಗ. ಹಣ ಕಣ್ಣಿಗೆ ಕಾಣುವುದು ಒಂದೇ ಕಡೆ, 1832ರ ಜೂನ್ ದಂಗೆಯಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬೀದಿಗೆ ಕಟ್ಟಿದ ಅಡ್ಡಗೋಡೆ ಎದ್ದಾಗ. ಮುರಿದ ಪೀಠೋಪಕರಣ, ಗಾಡಿ ಚಕ್ರ, ಹಲಗೆಗಳ ಎರಡು ದೈತ್ಯ ರಾಶಿಗಳು ಎರಡು ಬದಿಯಿಂದ ಬಂದು, ಬಾಗಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೊನೆಯ ಗುಂಡಿನ ಸದ್ದು ನಿಂತ ಮೇಲೆ ರಂಗ ನಿಧಾನವಾಗಿ ತಿರುಗುತ್ತದೆ. ಅಷ್ಟು ಹೊತ್ತು ನಾವು ಹುಡುಗರ ಕಡೆಯಿಂದ ನೋಡುತ್ತಿದ್ದ ಅಡ್ಡಗೋಡೆಯ ಆಚೆಯ ಮುಖ ಈಗ ನಮ್ಮ ಕಡೆಗೆ ಬರುತ್ತದೆ. ಅಲ್ಲಿ ಅವರ ನಾಯಕ ಎಂಜೋಲ್ರಾಸ್ ತಲೆಕೆಳಗಾಗಿ ಕೆಂಬಾವುಟದ ಮೇಲೆ ಬಿದ್ದಿದ್ದಾನೆ. ಒಂದು ಮಾತಿಲ್ಲ, ಒಂದು ಹಾಡಿಲ್ಲ. ಹ್ಯೂಗೋ ಈ ಸಾವುಗಳಿಗೆ ಪುಟಗಟ್ಟಲೆ ಕೊಟ್ಟಿದ್ದಾನೆ. ರಂಗ ಕೊಟ್ಟದ್ದು ಒಂದು ಸುತ್ತು. ದುಬಾರಿ ಯಂತ್ರ ಮಾಡಿದ ಈ ಕೆಲಸವನ್ನು ‘ಅದ್ದೂರಿ’ ಎಂಬ ಪದ ಮುಟ್ಟುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಕಿಂಗ್ ಅವರ ಮಾತನ್ನು ಬದಿಗೆ ಸರಿಸಬಹುದು ಎನ್ನಿಸೀತು. ನನಗೆ ಹಾಗನ್ನಿಸುವುದಿಲ್ಲ. ಅವರ ಸಾಲು ಒಂದು ನಿಜವಾದ ನಷ್ಟವನ್ನು ಮೂಸಿ ಹಿಡಿದಿದೆ, ಆದರೆ ಅದಕ್ಕೆ ಹೆಸರಿಟ್ಟಿಲ್ಲ. ಆ ನಷ್ಟ ಕಥೆ ಚಿಕ್ಕದಾದದ್ದರಿಂದ ಆದದ್ದಲ್ಲ. ಕಥೆ ಹೇಳುವವನೇ ಹೊರಟುಹೋದದ್ದರಿಂದ ಆದದ್ದು.

‘ಲೆ ಮಿಸೆರಾಬ್ಲ್’ ಓದಿದವರಿಗೆ ಗೊತ್ತು, ಅದರ ದೊಡ್ಡ ಪಾತ್ರ ಸೆರೆಯಿಂದ ಹೊರಬಂದ ಕೈದಿ ವಾಲ್ಜಾಂ ಅಲ್ಲ, ನಿರೂಪಕ. ಕಥಾನಾಯಕ ಕಾಣಿಸಿಕೊಳ್ಳುವ ಮೊದಲು 14 ಅಧ್ಯಾಯಗಳು ಬಿಷಪ್ ಮಿರಿಯೆಲ್ ಎಂಬ ಮುದುಕನ ಮನೆ, ಖರ್ಚು, ನಡತೆಯ ವಿವರಕ್ಕೇ ಮೀಸಲು. ವಾಟರ್ಲೂ ಯುದ್ಧಕ್ಕೆ 19 ಅಧ್ಯಾಯ, ಅದರಲ್ಲಿ ಕಥೆಗೆ ಸಂಬಂಧ ಇರುವುದು ಕೊನೆಯದಕ್ಕೆ ಮಾತ್ರ. ಕ್ರೈಸ್ತ ಸನ್ಯಾಸಿನಿಯರ ಮಠ, ಕಳ್ಳರ ಭಾಷೆ, ಪ್ಯಾರಿಸ್ಸಿನ ಒಳಚರಂಡಿ, ಎಲ್ಲದಕ್ಕೂ ಅವನು ನಿಂತು ಮಾತಾಡುತ್ತಾನೆ, ವಾದಿಸುತ್ತಾನೆ, ಲೆಕ್ಕ ಹಾಕುತ್ತಾನೆ. ಕಥಾವಸ್ತುವೆಲ್ಲ ಮೆಲೋಡ್ರಾಮಾವೇ: ಬೆನ್ನಟ್ಟುವ ಪೊಲೀಸ್, ಕಳೆದುಹೋದ ಮಗು, ಕತ್ತಲಲ್ಲಿ ಕಾಕತಾಳೀಯ ಭೇಟಿಗಳು. ಅದನ್ನು ಹಿಡಿದು ನಿಲ್ಲಿಸಿ ಬೇರೇನೋ ಆಗಿಸುವುದು ಆ ದನಿ. ದನಿಯನ್ನು ತೆಗೆದರೆ ಉಳಿಯುವುದು ಕಥಾವಸ್ತು. ಕಿಂಗ್ ಕಂಡದ್ದು ಅದನ್ನೇ.

‘ನಿಕಲ್‌ಬಿ’ಯ ಹೋಲಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಪ್ರಯೋಗದಲ್ಲಿ ನಟರೇ ಆಗಾಗ ಪಾತ್ರದಿಂದ ಹೊರಬಂದು ಡಿಕನ್ಸ್‌ನ ಗದ್ಯವನ್ನು ಪ್ರೇಕ್ಷಕರಿಗೆ ಹೇಳುತ್ತಿದ್ದರು. ನಿರೂಪಕ ರಂಗದ ಮೇಲೆ ಬದುಕಿದ್ದ. ಉದ್ದಕ್ಕೆ ಅವರು ಹೆದರಲಿಲ್ಲ. ನಮ್ಮಲ್ಲಿ 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ರಾತ್ರಿಯಿಡೀ ಒಂಬತ್ತು ಗಂಟೆ ಆಡಿದಾಗ ಆರಿಸಿಕೊಂಡ ದಾರಿಯೂ ಇಂಥದ್ದೇ. ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ನಡೆದು ಹೋಗಬೇಕಿತ್ತು. ಕಾದಂಬರಿಯ ಹರವನ್ನು ಕಾಲದ ಹರವಿನಿಂದಲೇ ತೋರಿಸುವ ದಾರಿ ಅದು. ಬಾರ್ಬಿಕನ್‌ನಲ್ಲಿ ಮೂರು ಗಂಟೆ ಮೀರಿದ ಆಟವಿತ್ತು, ಆದರೆ ಮಾತಿಗೆ ಜಾಗವೇ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಹಾಡು. ನಿರೂಪಕ ಎಲ್ಲಿ ನಿಲ್ಲಬೇಕು?

ವಿಮರ್ಶೆ ಇಲ್ಲಿ ಇನ್ನೊಂದು ಹೆಜ್ಜೆ ಇಡಬೇಕಿತ್ತು. ಹೋದದ್ದರ ಜಾಗಕ್ಕೆ ಏನು ಬಂತು ಎಂದು ಕೇಳಬೇಕಿತ್ತು. ಉತ್ತರ ಕ್ಲೋಡ್-ಮಿಶೆಲ್ ಶೋನ್‌ಬರ್ಗ್ ಅವರ ರಾಗಸಂಯೋಜನೆಯಲ್ಲಿದೆ. ತನ್ನ ಮನೆಯ ಬೆಳ್ಳಿ ಕದ್ದವನನ್ನು ಬಿಷಪ್ ಕ್ಷಮಿಸಿ, ಬೆಳ್ಳಿಯ ದೀಪಕಂಬಗಳನ್ನೂ ಕೊಟ್ಟು ಕಳಿಸಿದ ಮೇಲೆ ವಾಲ್ಜಾಂ ತನ್ನೊಳಗೆ ತಾನೇ ಹೋರಾಡುತ್ತಾ ಹಾಡುವ ರಾಗವೊಂದಿದೆ. ನಾಟಕದ ಕೊನೆಯ ಭಾಗದಲ್ಲಿ, ಬೇಟೆಯಾಡಿ ಹಿಡಿಯಬೇಕಾದವನಿಂದಲೇ ಜೀವದಾನ ಪಡೆದ ಪೊಲೀಸ್ ಅಧಿಕಾರಿ ಜಾವೇರ್ ಸೇತುವೆಯ ಮೇಲೆ ನಿಂತು ಸಾಯುವ ಮುನ್ನ ಹಾಡುವುದು ಅದೇ ರಾಗ, ಕೆಲವು ಕಡೆ ಅದೇ ಮಾತು. ಕರುಣೆ ಎದುರಾದಾಗ ಒಬ್ಬ ಹೊಸ ಮನುಷ್ಯನಾದ, ಇನ್ನೊಬ್ಬ ಅದನ್ನು ತಾಳಲಾರದೆ ನೀರಿಗೆ ಬಿದ್ದ. ಕಾದಂಬರಿಯಲ್ಲಿ ಈ ಹೋಲಿಕೆಯನ್ನು ನಿರೂಪಕ ಮಾಡುತ್ತಾನೆ. ಇಲ್ಲಿ ರಾಗ ಮಾಡುತ್ತದೆ. ಫಾಂಟೀನ್ ಸಾಯುವಾಗ ಮಗಳನ್ನು ಕರೆಯುವ ರಾಗವನ್ನೇ, ಒಲಿಯದ ಪ್ರೀತಿಯ ಎಪೋನೀನ್ ಬೀದಿಯಲ್ಲಿ ಒಂಟಿಯಾಗಿ ಹಾಡುತ್ತಾಳೆ. ಅವಳು ಯಾರು? ಫಾಂಟೀನ್ ಕೂದಲು ಮಾರಿ ಕಳಿಸಿದ ಲಂಗವನ್ನು ತೊಟ್ಟ ಹುಡುಗಿ. ನಾಟಕ ಆ ಲಂಗದ ಕಥೆ ಹೇಳಲಿಲ್ಲ, ಆದರೆ ತಾಯಿಯ ರಾಗವನ್ನು ಅವಳಿಗೆ ತೊಡಿಸಿತು. ಇದನ್ನು ಗಮನಿಸಿದ ದಿನ ನಾನು ಎಷ್ಟೋ ಹೊತ್ತು ಸುಮ್ಮನೆ ಕುಳಿತಿದ್ದೆ. ‘ಅಬ್ಸರ್ವರ್’ ಪತ್ರಿಕೆಯ ಮೈಕೇಲ್ ರಾಟ್‌ಕ್ಲಿಫ್ ಈ ನಾಟಕವನ್ನು ಬುದ್ಧಿಯಿಲ್ಲದ, ಕೃತಕವಾದ ಮನರಂಜನೆ ಎಂದು ಕರೆದರು. ಕೃತಕ ಎನ್ನುವುದು ಅಭಿರುಚಿಯ ಮಾತು, ವಾದಿಸಬಹುದು. ಬುದ್ಧಿಯಿಲ್ಲ ಎಂಬುದನ್ನು ಈ ಎರಡು ರಾಗಗಳೇ ಅಲ್ಲಗಳೆಯುತ್ತವೆ.

ಆದರೆ ರಾಗ ಹೋಲಿಸಬಲ್ಲದು, ವಾದಿಸಲಾರದು. ಇದಕ್ಕೆ ಶಾಂಮಾತಿಯೆಯ ಪ್ರಸಂಗಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ವಾಲ್ಜಾಂ ಹೆಸರು ಬದಲಿಸಿಕೊಂಡು ಒಂದು ಊರಿನ ಮೇಯರ್ ಆಗಿದ್ದಾನೆ. ಅರಾಸ್ ಎಂಬ ಊರಿನಲ್ಲಿ ಶಾಂಮಾತಿಯೆ ಎಂಬ ಬೇರೊಬ್ಬ ಬಡವನನ್ನು ವಾಲ್ಜಾಂ ಎಂದು ತಪ್ಪಾಗಿ ಹಿಡಿದು ವಿಚಾರಣೆ ನಡೆಸುತ್ತಿದ್ದಾರೆ. ಸುಮ್ಮನಿದ್ದರೆ ತಾನು ಶಾಶ್ವತವಾಗಿ ಪಾರು. ಹ್ಯೂಗೋ ಇದಕ್ಕೆ ಒಂದು ಇಡೀ ರಾತ್ರಿ ಕೊಡುತ್ತಾನೆ. ವಾಲ್ಜಾಂ ಹಳೆಯ ಬಟ್ಟೆ ಸುಡುತ್ತಾನೆ, ದೀಪಕಂಬಗಳನ್ನು ಬೆಂಕಿಗೆ ಹಾಕಿ ಕರಗಿಸಲು ಹೊರಡುತ್ತಾನೆ. ಒಪ್ಪಿಕೊಳ್ಳಬೇಕು ಎಂದೊಮ್ಮೆ, ತಾನು ಹೋದರೆ ನೂರಾರು ಜನರ ಅನ್ನ ಹೋಗುತ್ತದಲ್ಲ ಎಂದೊಮ್ಮೆ. ಬೆಳಗಿನ ಜಾವ ತೀರ್ಮಾನವೇ ಇಲ್ಲದೆ ಗಾಡಿ ಹತ್ತುತ್ತಾನೆ. ದಾರಿಯಲ್ಲಿ ಚಕ್ರ ಕೆಡುತ್ತದೆ. ಅವನಿಗೆ ಸಂತೋಷ! ದೈವವೇ ತಡೆಯಿತು, ತನ್ನ ತಪ್ಪಲ್ಲ. ಅಷ್ಟರಲ್ಲಿ ಒಬ್ಬ ಮುದುಕಿ ಬಂದು ತನ್ನಲ್ಲಿ ಗಾಡಿ ಇದೆ ಎನ್ನುತ್ತಾಳೆ. ಆ ಕ್ಷಣದ ಅವನ ಬೆವರಿನಲ್ಲಿ ಮನುಷ್ಯನ ಮನಸ್ಸಿನ ಬಗ್ಗೆ ಇರುವಷ್ಟು ಸತ್ಯ ಇಡೀ ನಾಟಕದಲ್ಲಿ ಇಲ್ಲ. ಕೊನೆಗೆ ನ್ಯಾಯಾಲಯದಲ್ಲಿ ತಾನೇ ವಾಲ್ಜಾಂ ಎಂದು ಸಾಬೀತು ಮಾಡಲು ಅವನು ಬಳಸುವುದು ಜೊತೆಯ ಕೈದಿಗಳ ಮೈಮೇಲಿನ ಗುರುತುಗಳ ನೆನಪನ್ನು: ಒಬ್ಬನ ಹೆಗಲ ಸುಟ್ಟ ಕಲೆ, ಇನ್ನೊಬ್ಬನ ತೋಳಿನ ಹಚ್ಚೆಯ ದಿನಾಂಕ.

ನಾಟಕದಲ್ಲಿ ಇದೆಲ್ಲ ಕೆಲವೇ ನಿಮಿಷಗಳ ಒಂದು ಹಾಡು. ನಾನು ಯಾರು ಎಂದು ಪ್ರಶ್ನಿಸುತ್ತಾ ಏರುವ ದನಿ, ಕೊನೆಗೆ ಅಂಗಿ ತೆರೆದು ಎದೆಯ ಗುರುತು ತೋರಿಸಿ ಕೈದಿ ಸಂಖ್ಯೆ 24601 ಎಂದು ಘೋಷಣೆ. ಚಪ್ಪಾಳೆ ಬೀಳದೆ ಇರುವುದಿಲ್ಲ. ಆದರೆ ಹಿಂಜರಿಕೆಯ ಮನುಷ್ಯ ಮಾಯವಾಗಿ ವೀರನೊಬ್ಬ ನಿಂತಿರುತ್ತಾನೆ, ಬೇರೆಯವರ ಮೈಯ ನೋವಿನ ನೆನಪಿದ್ದ ಕಡೆ ತನ್ನದೇ ಎದೆ ಇದೆ. ಕಿಂಗ್ ಅವರ ಸಾಲು ಇಲ್ಲಿ ಪೂರ್ತಿ ಸಲ್ಲುತ್ತದೆ. ಫಾಂಟೀನ್ ಮಗಳನ್ನು ಬಿಟ್ಟಿದ್ದ ಮನೆಯ ಯಜಮಾನ ತೆನಾರ್ದಿಯೆಯ ವಿಷಯದಲ್ಲೂ ಅಷ್ಟೇ: ಹೆಣಗಳ ಜೇಬು ಕತ್ತರಿಸುವವನನ್ನು, ಕಾದಂಬರಿಯ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಗುಲಾಮರ ವ್ಯಾಪಾರಕ್ಕಿಳಿಯುವವನನ್ನು, ನಾಟಕ ಬಹುಮಟ್ಟಿಗೆ ನಗಿಸುವ ಹೋಟೆಲಿನವನನ್ನಾಗಿ ಮಾಡಿತು.

ವಿಮರ್ಶೆ ಇಷ್ಟು ಗಡುಸಾದದ್ದಕ್ಕೆ ರಂಗದ ಹೊರಗಿನ ಕಾರಣವೂ ಒಂದಿತ್ತು. ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸರ್ಕಾರದ ಅನುದಾನದಿಂದ ನಡೆಯುವ ಸಂಸ್ಥೆ. ಮ್ಯಾಕಿಂಟಾಷ್ ಲಾಭಕ್ಕಾಗಿ ನಾಟಕ ಮಾಡುವವರು. ಇಬ್ಬರೂ ಕೈಜೋಡಿಸಿದ್ದು ಹಲವರಿಗೆ ಸಹಿಸಲಾಗಲಿಲ್ಲ. ಆ ಅಸಮಾಧಾನಕ್ಕೆ ಆಧಾರವಿತ್ತು, ಅದನ್ನು ಬೇರೆಯಾಗಿ ಬರೆಯಬಹುದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅದು ನಾಟಕದ ಮೇಲೆ ಬಿತ್ತು. ವಿಚಿತ್ರವೆಂದರೆ, ಇಂಗ್ಲಿಷ್ ಹಾಡುಗಳನ್ನು ಬರೆದ ಹರ್ಬರ್ಟ್ ಕ್ರೆಟ್ಸ್‌ಮರ್ ವರ್ಷಗಟ್ಟಲೆ ರಂಗವಿಮರ್ಶಕರಾಗಿದ್ದವರು, ಆ ಹೊತ್ತಿಗೆ ‘ಡೈಲಿ ಮೇಲ್’ನಲ್ಲಿ ಟಿವಿ ವಿಮರ್ಶಕರು. ಅದೇ ಪತ್ರಿಕೆಯ ರಂಗವಿಮರ್ಶಕ ಜಾಕ್ ಟಿಂಕರ್ ಈ ನಾಟಕಕ್ಕೆ ‘ದಿ ಗ್ಲಮ್ಸ್’, ಅಂದರೆ ಜೋಲುಮುಖದವರು, ಎಂದು ಅಡ್ಡಹೆಸರಿಟ್ಟರು.

ಕಾದಂಬರಿಗೂ ತನ್ನ ಕಾಲದಲ್ಲಿ ಇದೇ ಗತಿಯಾಗಿತ್ತು. ಮೇ 1862ರಲ್ಲಿ ಮುಂದಿನ ಸಂಪುಟಗಳಿಗಾಗಿ ಪ್ಯಾರಿಸ್ಸಿನ ಜನ ಅಂಗಡಿಯ ಮುಂದೆ ಮುಗಿಬಿದ್ದರು. ಕಾದಂಬರಿಕಾರ ಫ್ಲೋಬೇರ್ ಮಾತ್ರ ಅದರಲ್ಲಿ ಸತ್ಯವೂ ಇಲ್ಲ, ಘನತೆಯೂ ಇಲ್ಲ ಎಂದು ಪತ್ರದಲ್ಲಿ ಬರೆದ. ಕವಿ ಬೋದಲೇರ್ ಪತ್ರಿಕೆಯಲ್ಲಿ ಹೊಗಳಿ, ತಾಯಿಗೆ ಬರೆದ ಕಾಗದದಲ್ಲಿ ಅದೊಂದು ಹೊಲಸು, ಅಸಮರ್ಥ ಪುಸ್ತಕ ಎಂದು, ಸುಳ್ಳು ಹೇಳುವ ಕಲೆ ತನಗೆ ಗೊತ್ತೆಂದು ತೋರಿಸಿಕೊಟ್ಟೆನೆಂದೂ ಹೇಳಿದ. ಆ ಹೊಗಳಿಕೆಗಿಂತ ಕಿಂಗ್ ಅವರ ತೆಗಳಿಕೆ ನನಗೆ ಹೆಚ್ಚು. ನೋಡಿದ ವಾರವೇ, ಹೆಸರು ಹಾಕಿ, ಅನ್ನಿಸಿದ್ದನ್ನು ಬರೆದರು. ‘ಗಾರ್ಡಿಯನ್’ನ ಮೈಕೇಲ್ ಬಿಲ್ಲಿಂಗ್ಟನ್ ಕೂಡ 1985ರಲ್ಲಿ ಮೆಚ್ಚಿರಲಿಲ್ಲ. 25 ವರ್ಷಗಳ ನಂತರ, 2010ರಲ್ಲಿ, ನೀವು ತಪ್ಪಿದಿರಲ್ಲವೇ ಎಂದು ಕೇಳಿದವರಿಗೆ ಅವರು ಮತ್ತೊಂದು ಲೇಖನ ಬರೆದು ಉತ್ತರಿಸಿದರು. ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಲಿಲ್ಲ.

ಕಿಂಗ್ ಅವರ ಸಾಲಿನ ಕರಡು ನನ್ನ ಮೇಜಿನ ಮೇಲೆ ಬಂದಿದ್ದರೆ ‘ವಿಕ್ಟೋರಿಯಾ ಯುಗ’ವನ್ನು ಎರಡೂ ಕಡೆ ಹೊಡೆದುಹಾಕುತ್ತಿದ್ದೆ. ‘ಕಣ್ಣಿಗೆ ರಾಚುವ’ ಎಂಬುದರ ಪಕ್ಕದಲ್ಲಿ ಫಾಂಟೀನಳ ಹಲ್ಲು ಎಂದು ಗುರುತು ಹಾಕುತ್ತಿದ್ದೆ. ‘ಮೆಲೋಡ್ರಾಮಾ’ವನ್ನು ಹಾಗೆಯೇ ಬಿಟ್ಟು, ಅರಾಸ್‌ನ ದಾರಿಯ ಮುರಿದ ಚಕ್ರವನ್ನು ಅದರ ಕೆಳಗೆ ಸೇರಿಸಿ ಎಂದು ಕೇಳಿಕೊಳ್ಳುತ್ತಿದ್ದೆ. ಅಂಚಿನಲ್ಲಿ ಒಂದು ಪ್ರಶ್ನೆಯನ್ನೂ ಬರೆಯುತ್ತಿದ್ದೆ: ಸೇತುವೆಯ ಮೇಲೆ ಜಾವೇರ್ ಹಾಡಿದ ರಾಗವನ್ನು ಅದೇ ಸಂಜೆ ನೀವು ಮೊದಲು ಯಾರ ಬಾಯಲ್ಲಿ ಕೇಳಿದ್ದಿರಿ?